ಸ್ಪೀಕರಿನೊಳಗಿನ ಕರಿ ಉಣ್ಣೆ

ನಾಲ್ಕು ಲಕ್ಷದ ಸ್ಪೀಕರಿನಿಂದ ಹುಳು ಹೊರಗೆ ಬಂದಿತ್ತು.

ಯಾರಿಗೂ ನಗು ಬರಲಿಲ್ಲ. ಮೊಳಕಾಲ್ಮುರಿನ ನಿವೃತ್ತ ಮೇಷ್ಟ್ರು ನಾಗಭೂಷಣ ಅವರ ಹಜಾರದಲ್ಲಿ ಸೊಂಟದೆತ್ತರದ ಎರಡು ಪೆಟ್ಟಿಗೆಗಳು ನಿಂತಿದ್ದವು. ಒಂದರ ಬೆನ್ನು ಬಿಚ್ಚಿತ್ತು. ಒಳಗಿನ ಕರಿ ಉಣ್ಣೆ ನೆಲಕ್ಕೆ ಬಿದ್ದಿತ್ತು. ಅದರ ಮೇಲೆ ನುಸಿ ಪತಂಗಗಳು ಹಾರಾಡುತ್ತಿದ್ದವು. ಜರ್ಮನಿ ಮಾಲಂತೆ! ಒಳಗೆ ನೋಡಿದರೆ ನಮ್ಮ ಸೀಮೆಯ ಕುರಿ!

ಮೇಷ್ಟ್ರು ಗೋಡೆಗೊರಗಿ ಕುಸಿದು ಕೂತಿದ್ದರು. ಆರು ಶನಿವಾರ ಬಸ್ಸು ಹತ್ತಿ ಚಳ್ಳಕೆರೆಗೆ ಹೋಗಿ, ವೀರೇಶನ ಸ್ಪೀಕರ್ ಅಂಗಡಿಯಲ್ಲಿ ಕೂತು ಆರಿಸಿದ ಜೋಡಿಯಿದು. ಮೂರು ಜೋಡಿ ಸಾಲಾಗಿ ಇಡಿಸುತ್ತಿದ್ದರಂತೆ. ಕಣ್ಣು ಮುಚ್ಚಿ ಪ್ರತಿಯೊಂದರಲ್ಲೂ ಒಂದೇ ಕ್ಲಾರಿನೆಟ್ ರೆಕಾರ್ಡ್ ಕೇಳುತ್ತಿದ್ದರಂತೆ. ಆರು ಸಲವೂ ಕೈ ತೋರಿಸಿದ್ದು ಇದೇ ಜೋಡಿಗೆ. ಗುರುವಾರ ಮನೆಗೆ ಬಂತು. ಊರಿನ ಮೆಕ್ಯಾನಿಕ್ ಆಸಿಮ್ ವೈರ್ ಜೋಡಿಸಿದ. ಆಗ ಮೇಷ್ಟ್ರು ಸಂತೆಗೆ ಹೋಗಿದ್ದರು. ಒಂದು ಗಂಟೆ ಅವನೊಬ್ಬನೇ ಮನೆಯಲ್ಲಿದ್ದ. ಒಳಗಿನ ಅಸಲಿ ಸಾಮಾನು ಕದ್ದು ಉಣ್ಣೆ ತುರುಕಿದ್ದಾನೆ ಎಂಬುದು ಮೇಷ್ಟ್ರ ದೂರು.

ಆಸಿಮ್‌ನನ್ನು ಪೊಲೀಸರಾದ ನಾವು ಕರೆಸಿದೆವು. ಅವನು ಹೊಸ್ತಿಲು ದಾಟಿದ್ದೇ ತಡ, ಮೇಷ್ಟ್ರು ಎದ್ದು ಕೆನ್ನೆಗೆ ಬಾರಿಸಿದರು.

ಮೂವತ್ತು ವರ್ಷ ಪಾಠ ಹೇಳಿ ಒಂದು ಮಗುವಿನ ಮೇಲೂ ಕೈ ಎತ್ತದ ಮನುಷ್ಯ! ಇಡೀ ಬೀದಿ ನೋಡುತ್ತಿತ್ತು. ಆಸಿಮ್ ಕೆನ್ನೆ ಹಿಡಿದುಕೊಂಡು ನಿಂತ. ಒಂದು ಮಾತೂ ಆಡಲಿಲ್ಲ.

ಮಧ್ಯಾಹ್ನದೊಳಗೆ ಜನ ಅವನ ಅಂಗಡಿಯಿಂದ ರಿಪೇರಿಗೆ ಕೊಟ್ಟ ಮಿಕ್ಸಿ, ಟೀವಿ ಎಲ್ಲಾ ವಾಪಸ್ ಒಯ್ದರು. ಅಪ್ಪನ ಕಾಲದ ಅಂಗಡಿ ಒಂದೇ ದಿನಕ್ಕೆ ಖಾಲಿಯಾಯಿತು. ನಾನು, ಹೆಡ್ ಕಾನ್‌ಸ್ಟೇಬಲ್ ಬೋರಣ್ಣ, ಕೇಸು ಮುಗಿಯಿತು ಎಂದೇ ಲೆಕ್ಕ ಹಾಕಿದ್ದೆ. ತಪ್ಪು ಮಾಡದವನು ಯಾಕೆ ಬಾಯಿ ಮುಚ್ಚಿಕೊಂಡಿರಬೇಕು?

ನಮ್ಮ ಎಸ್.ಐ. ಶಾಂತಕುಮಾರಿ ಮೇಡಂ ಮಾತ್ರ ಆ ಉಣ್ಣೆಯನ್ನು ಮೂಸಿ ನೋಡುತ್ತಿದ್ದರು. ಅವರು ಕಂಬಳಿ ನೇಯುವವರ ಮನೆಯ ಮಗಳು.

"ಕಂಬಳಿ ನೂಲಿಗೆ ಹಾಕೋ ಹುಣಸೆ ಬೀಜದ ಗಂಜಿ ವಾಸ್ನೆ ಐತೆ ಬೋರಣ್ಣ. ಇದು ಕಂಬಳಿ ಮಗ್ಗದಾಗೆ ಉಳಿದ ಚೂರು."

ಒಂದು ಪತಂಗವನ್ನು ಹಿಡಿದು ಬೆಂಕಿಪೊಟ್ಟಣಕ್ಕೆ ಹಾಕಿಕೊಂಡರು. ಹುಳು ಹಿಡಿಯೋಕೆ ಪೊಲೀಸು ಬೇಕಾ ಎಂದು ಮನಸ್ಸಿನಲ್ಲೇ ಗೊಣಗಿದೆ.

* * *

ಮರುದಿನ ಚಳ್ಳಕೆರೆ. ವೀರೇಶನ ಅಂಗಡಿಯಲ್ಲಿ ಅದೇ ಮಾದರಿಯ ಸೀಲ್ ಒಡೆಯದ ಜೋಡಿಯಿತ್ತು. ಮೇಡಂ ಬಿಚ್ಚಿಸಿದರು. ಅದೇ ಕರಿ ಉಣ್ಣೆ. ಅದೇ ವಾಸನೆ.

ಒಳಗೆ ಸದ್ದು ಗುಂಯ್‌ಗುಡದಿರಲಿ ಎಂದು ಕಂಪನಿಯವರೇ ಉಣ್ಣೆ ತುಂಬುತ್ತಾರೆ ಎಂದ ವೀರೇಶ್.

"ಜರ್ಮನಿಯಾಗೆ ಹುಣಸೆ ಬೀಜ ಕುಟ್ಟೋರು ಯಾರ್ರೀ?" ಎಂದರು ಮೇಡಂ.

ವೀರೇಶ್ ತಕ್ಷಣ ರಾಗ ಬದಲಿಸಿದ. ಮಾಲು ತಂದುಕೊಟ್ಟವನು ಆಸಿಮ್, ಜರ್ಮನಿಯದೆಂದು ನಂಬಿಸಿ ನನಗೂ ಟೋಪಿ ಹಾಕಿದ್ದಾನೆ ಎಂದ. ಅಂಗಡಿ ಜಪ್ತಿಗೆ ಒಬ್ಬ ಪೇದೆಯನ್ನು ಬಿಟ್ಟು ನಮ್ಮೂರಲ್ಲಿ ಕಂಬಳಿ ನೇಯುವ ಕೆಂಚಕ್ಕನ ಮನೆಗೆ ಹೋದೆವು. ಮಗ್ಗದ ಚೂರು ಒಯ್ಯುವವನು ಆಸಿಮ್ಮೇ ಎಂದು ಅವಳೂ ಹೇಳಿದಳು.

"ನಾ ಹೇಳಿರಲಿಲ್ವಾ ಮೇಡಂ?" ಎಂದೆ.

ಮೇಡಂ ಜೀಪು ಹತ್ತಿದರು, ಅಷ್ಟೇ.

* * *

ಸಂಜೆ ಮೇಷ್ಟ್ರ ಹಜಾರದಲ್ಲಿ ಆಸಿಮ್, ವೀರೇಶ್ ಎದುರುಬದುರು ನಿಂತರು. ಮೇಡಂ ಬೆಂಕಿಪೊಟ್ಟಣ ತೆರೆದರು.

ಉಣ್ಣೆಯಲ್ಲಿ ಮೊಟ್ಟೆ ಬಿದ್ದು ಪತಂಗವಾಗಲು ತಿಂಗಳಿಗೂ ಹೆಚ್ಚು ಬೇಕು. ಪೆಟ್ಟಿಗೆ ಈ ಮನೆಗೆ ಬಂದು ಐದು ದಿನ. ಹಾಗಾಗಿ ಉಣ್ಣೆ ಇಲ್ಲಿ ತುರುಕಿದ್ದಲ್ಲ, ಆಸಿಮ್ ಇಲ್ಲಿಂದ ಏನೂ ಕದ್ದಿಲ್ಲ. ಇಷ್ಟನ್ನು ಹೇಳಿ ಮೇಡಂ ಸ್ಕ್ರೂಡ್ರೈವರ್ ತೆಗೆದುಕೊಂಡು, ಪೆಟ್ಟಿಗೆಯ ಮುಂದಿದ್ದ ಕಂಪನಿ ಹೆಸರಿನ ಹಿತ್ತಾಳೆ ಫಲಕವನ್ನು ಮೀಟಿದರು. ಅದು ಕಳಚಿ ಬಿತ್ತು.

ಕೆಳಗೆ ಮರದಲ್ಲಿ ಕೊರೆದ ಪುಟ್ಟ ಅಕ್ಷರಗಳಿದ್ದವು: ಶಾಯಿಸ್ತಾ.

ಆಸಿಮ್‌ನ ಮಗಳ ಹೆಸರು! ನಕಲಿ ಮಾಲು ಮಾಡುವವನು ಹೆತ್ತ ಮಗಳ ಹೆಸರು ಕೊರೆಯುತ್ತಾನಾ? ಕೊರೆದದ್ದು ಆಸಿಮ್. ಮುಚ್ಚಿದ್ದು ವೀರೇಶ್. ಇಂಥವೇ ಇಪ್ಪತ್ತು ಫಲಕಗಳು ಮಧ್ಯಾಹ್ನ ಅವನ ಮೇಜಿನ ಖಾನೆಯಲ್ಲಿ ಸಿಕ್ಕಿದ್ದವು. ಮೇಡಂ ಅವನ್ನು ಟೀಪಾಯಿ ಮೇಲೆ ಸುರಿದಾಗ ವೀರೇಶ್ ತಲೆ ತಗ್ಗಿಸಿದ. ಆಸಿಮ್ ಮಾಡಿದ ಪೆಟ್ಟಿಗೆಯನ್ನು ಕಡಿಮೆಗೆ ಕೊಂಡು, ಫಲಕ ಅಂಟಿಸಿ ಮಾರಿದ್ದನ್ನು ಒಪ್ಪಿಕೊಂಡ.

ಮೊದಲೇ ಯಾಕೆ ಹೇಳಲಿಲ್ಲ ಎಂದು ಮೇಡಂ ಆಸಿಮ್‌ನನ್ನು ಕೇಳಿದರು.

"ಇದು ನಾನೇ ಮಾಡಿದ ಪೆಟ್ಟಿಗೆ ಅಂತ ವೈರ್ ಹಾಕೋವಾಗ್ಲೇ ಗೊತ್ತಾಯ್ತು ಮೇಡಂ. ಹೇಳೋಣ ಅಂತ ಕಾದೆ. ಸಾರ್ ಬಂದು ಕಣ್ಣು ಮುಚ್ಚಿ ಕೇಳೋಕೆ ಕೂತ್ರು. ಅಳ್ತಾ ಇದ್ರು. ನಾನು ಮಾಡಿದ್ದಕ್ಕೆ ಯಾರೂ ಹಂಗೆ ಕೂತಿರಲಿಲ್ಲ. ಬಾಯೇ ಬರ್ಲಿಲ್ಲ. ಹುಳ ಬಿದ್ದ ಮೇಲೆ ನಂದೇ ಅಂತ ಹೇಳೋಕೆ ನಾಚಿಕೆ ಆಯ್ತು."

ಮೇಷ್ಟ್ರಿಗೆ ಆಗಲೇ ಹೊಳೆದದ್ದು. ವೀರೇಶನ ಅಂಗಡಿಯ ಆ ಸಾಲಿನಲ್ಲಿದ್ದ ಉಳಿದ ಎರಡು ಜೋಡಿ ಅಸಲಿ ಹೊರದೇಶದವು. ಕಣ್ಣು ಮುಚ್ಚಿ ಆರು ಸಲ ಅವರು ಆರಿಸಿದ್ದು ಇವನ ಕೈಕೆಲಸವನ್ನು. ಕಣ್ಣು ತೆರೆದು ಹೊಡೆದದ್ದೂ ಇವನನ್ನೇ. ಬೀದಿ ಬಾಗಿಲು ತೆರೆದೇ ಇತ್ತು, ಜನ ಸೇರಿದ್ದರು. ಮೇಷ್ಟ್ರು ಅವರೆದುರಿಗೇ ಆಸಿಮ್‌ನ ಎರಡೂ ಕೈ ಹಿಡಿದುಕೊಂಡರು.

ಆಸಿಮ್ ನೆಲದ ಮೇಲಿನ ಉಣ್ಣೆ ನೋಡುತ್ತಿದ್ದ.

"ತುಂಬೋಕೆ ಮುಂಚೆ ಬಿಸಿಲಿಗೆ ಹಾಕು ಅಂತ ಕೆಂಚಕ್ಕ ಹೇಳಿದ್ಲು ಸಾರ್. ನಾನು ಹಾಕಲಿಲ್ಲ. ಹುಳ ಬಿದ್ದಿದ್ದು ನನ್ನ ತಪ್ಪೇ. ನಾಳೆ ಬೇರೆ ಉಣ್ಣೆ ತರ್ತೀನಿ."