ಪಾದರಸಕ್ಕೆ ಉಸಿರು ತಾಗಬಾರದು

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ನಮ್ಮ ಮಾವ ಹಿತ್ತಿಲಲ್ಲೊಂದು ಗಾಜಿನ ಬಾಗಿಲಿನ ಮರದ ಪುಟ್ಟ ಗೂಡು ಮಾಡಿ, ಒಳಗೆ ಥರ್ಮಾಮೀಟರ್ ನೇತುಹಾಕಿ, ಮೂವತ್ತು ವರ್ಷ ದಿನಾ ಬೆಳಗಿನ ಚಳಿಯ ಲೆಕ್ಕ ಇಟ್ಟವರು. "ಬಾಗಿಲು ತೆಗೆದಾಗ ಉಸಿರು ಬಿಗಿಹಿಡಿಯಮ್ಮಾ. ಬಿಸಿಯುಸಿರು ತಾಗಿದ್ರೆ ಪಾದರಸ ಸುಳ್ಳು ಹೇಳುತ್ತೆ" ಅಂತ ನನಗೂ ಕಲಿಸಿದ್ದರು. ಅವರು ತೀರಿಕೊಂಡ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು.

ಈ ತಿಂಗಳು ಊರಿಗೆ ಊರೇ ಗಡಗಡ ನಡುಗಿತು. ಆದರೆ ಮಾವನ ಹಳೇ ಲೆಕ್ಕದ ಪಕ್ಕ ಇಟ್ಟು ನೋಡಿದರೆ, ನಮ್ಮ ಗೂಡು ಮಾತ್ರ ಯಾವ ವರ್ಷಕ್ಕಿಂತಲೂ ಬೆಚ್ಚಗಿತ್ತು.

"ನಿನ್ನ ಉಸಿರೇ ಕಣೇ ಅದು," ಯಜಮಾನರು ನಕ್ಕರು. "ನಾಳೆ ಬಾಗಿಲು ತೆಗೀಬೇಡ, ಗಾಜಿನಾಚೆಯಿಂದ್ಲೇ ನೋಡು."

ಇವತ್ತು ಬೆಳಗ್ಗೆ ಹಾಗೇ ಮಾಡಿದೆ. ಬಾಯಿ, ಮೂಗು ಎರಡನ್ನೂ ಅಂಗೈಯಿಂದ ಒತ್ತಿ ಹಿಡಿದು ಬಗ್ಗಿದೆ. ನೋಡನೋಡುತ್ತಲೇ ಪಾದರಸ ಮೆಲ್ಲಗೆ ಏರಿತು. ಬಾಗಿಲಿನ ಗಾಜಿಗೆ ಮಂಜು ಕಟ್ಟಿತು. ಬೆರಳಿಂದ ಒರೆಸಿದೆ, ಹೋಗಲಿಲ್ಲ. ಮಂಜು ಕಟ್ಟಿದ್ದು ಒಳಗಡೆ.

ತಡೆಯಲಾರದೆ ಉಸಿರು ಬಿಟ್ಟುಬಿಟ್ಟೆ.

ಆಗ ಗಾಜಿನೊಳಗಿನ ಮಂಜು ನಿಧಾನವಾಗಿ ಆರಿತು. ಈಗ ಉಸಿರು ಬಿಗಿಹಿಡಿದದ್ದು ಒಳಗಿದ್ದ ಅದು.