ಹಣೆಯ ಮೇಲಿನ ಸುಳ್ಳು ಗುರುತು

ಬನಹಟ್ಟಿಯ ತಮ್ಮ ನೂಲಿನ ಅಂಗಡಿಯಲ್ಲಿ ಮಹಾಲಿಂಗ ಹಣೆ ತುಂಬ ವಿಭೂತಿ ಬಳಿದುಕೊಂಡು ಕೂತದ್ದನ್ನು ಕಂಡು ವೈಶಾಲಿಗೆ ನಗು ತಡೆಯಲಾಗಲಿಲ್ಲ. ಹಾಲುಮತದ ಹುಡುಗ, ಬೀರೇಶ್ವರನ ಅರಿಸಿನದ ಭಂಡಾರ ಬಿಟ್ಟು ಬೇರೇನನ್ನೂ ಹಚ್ಚಿಕೊಂಡವನಲ್ಲ. ಇವತ್ತು ಅವಳ ಅಣ್ಣ ಸಂಜಯನ ಹತ್ತಿರ ಹೆಣ್ಣು ಕೇಳಲು ಬಂದಿದ್ದಾನೆ, ತಾನೂ ಇವರಂತೆ ಲಿಂಗವಂತರವನೇ ಎನ್ನುವ ಹಾಗೆ.

ಚಹಾ ಕೊಡುವಾಗ ಅವನು ಓರೆಗಣ್ಣಲ್ಲಿ ನೋಡಿ ತುಟಿ ಕಚ್ಚಿದ. ಬೆಳಗಾವಿಯ ಲ್ಯಾಬಿನಲ್ಲೂ ಮಷಿನ್ ಮುಂದಿಂದ ತಲೆ ಎತ್ತಿ ಹೀಗೇ ನೋಡುತ್ತಿದ್ದ. ರಕ್ತ ಹುಟ್ಟಿಸುವ ಸ್ಟೆಮ್ ಸೆಲ್‌ಗಳನ್ನು, ಅಂದರೆ ತಾಯಿ ಕೋಶಗಳನ್ನು, ಮೈಮೇಲಿನ ಗುರುತು ನೋಡಿ ಬೇರ್ಪಡಿಸುವುದು ಇಬ್ಬರ ಕೆಲಸ.

ಅಷ್ಟರಲ್ಲಿ ನೂಲು ಒಯ್ಯಲು ಬಂದ ಲೋಕಾಪುರದ ಗಂಗಾರಾಮ ಬಾಗಿಲಲ್ಲೇ ನಿಂತ.

“ಏ, ನೀ ನಮ್ಮ ಪಾಂಡಪ್ಪನ ಮಗ ಅಲ್ಲೇನೋ? ಭಂಡಾರ ಬಿಟ್ಟು ಈಬತ್ತಿ ಯಾವಾಗ ಹಿಡದಿ?”

ಸಂಜಯನ ಕೈಗೆ ಮೂಲೆಯ ಬಡಿಗೆ ಬಂದದ್ದೇ ತಡ, ಮಹಾಲಿಂಗನ ಹುಬ್ಬು ಸೀಳಿತು. ಎರಡನೆಯ ಏಟಿಗೆ ಹಲ್ಲು ಉದುರಿತು. ಬಿದ್ದವನ ಪಕ್ಕೆಗೆ ಒದೆಯ ಮೇಲೆ ಒದೆ. ಅಕ್ಕಪಕ್ಕದ ಮಗ್ಗಗಳ ಸದ್ದಿನಲ್ಲಿ ಅವನ ನರಳಾಟ ಬೀದಿಗೆ ಕೇಳಲೇ ಇಲ್ಲ.

ವೈಶಾಲಿ ನಡುವೆ ನುಗ್ಗಿದಳು. “ಅಣ್ಣಾ, ಸುಳ್ಳಿಗೆ ಹೊಡದ್ಯೋ, ಕುಲಕ್ಕ ಹೊಡದ್ಯೋ?”

“ಎರಡಕ್ಕೂ. ಸರಿ ಆಚಿಗೆ.”

“ಸುಳ್ಳಿಗಾದ್ರ ನಂದೂ ಒಂದ್ ಇರಲಿ.” ತಿರುಗಿ ಮಹಾಲಿಂಗನ ಕೆನ್ನೆಗೆ ಬಾರಿಸಿದಳು. “ಹುಚ್ಚಪ್ಯಾಲಿ, ಇಷ್ಟು ವರ್ಷ ಏನ್ ಕಲತಿ? ತಾಯಿ ಕೋಶದ ಮೈಮ್ಯಾಲ ಸಿಡಿ ಮೂವತ್ನಾಕು ಅನ್ನೋ ತನ್ನ ಗುರುತು ಇರ್ತದ. ಕೆಂಪು, ಬಿಳಿ ರಕ್ತಕಣದ ಯಾವ ವಂಶದ ಗುರುತೂ ಇರಂಗಿಲ್ಲ. ಆದ್ರೂ ಎಲ್ಲಾ ವಂಶ ಹುಟ್ಟೋದು ಅದರಿಂದನ. ನೀ ಯಾಕ ಮಂದಿ ಗುರುತು ಬಳಕೊಂಡಿ?”

“ನೀ ಸಿಗಲಿಲ್ಲಂದ್ರ ಅಂತ ಅಂಜಿದೆ,” ಎಂದ ಅವನು. ಬಾಯಿ ತುಂಬ ರಕ್ತವಿತ್ತು.

ಅವಳು ಸಂಜಯನ ಬಡಿಗೆಯತ್ತ ತಿರುಗಿದಳು. “ಇನ್ನ ಕುಲಕ್ಕ ಹೊಡಿಯೋದಿದ್ರ ನನಗ ಹೊಡಿ,” ಎಂದು ಅಣ್ಣನಿಗೆ ಎದುರು ನಿಂತಳು. ಹೊಡೆಯಲಾರ ಅಂದುಕೊಂಡಿದ್ದಳು. ಅವನು ಹೊಡೆದ. ಅಡ್ಡ ಹಿಡಿದ ಕೈಯ ಮೂಳೆ ಲಟ್ಟನೆ ಮುರಿಯಿತು. ಸಂಜಯ ತಾನೇ ಬೆಚ್ಚಿ ಬಡಿಗೆ ಕೈಬಿಟ್ಟ.

ಮಹಾಲಿಂಗ ಗೋಡೆ ಹಿಡಿದು ಎದ್ದ. “ಸಂಜಯಣ್ಣಾರ, ಸುಳ್ಳು ನಂದ ತಪ್ಪು. ಆದ್ರ ನಿಮ್ಮ ತಂಗೀನ್ನ...”

“ಅವನ್ನ ಯಾಕ ಕೇಳತಿ?” ನೋವಿಗೆ ಹಲ್ಲು ಕಚ್ಚಿ ವೈಶಾಲಿ ಅಂದಳು. “ಏಟು ತಿಂದಾಕಿ ನಾನು. ನನ್ನ ಕೇಳು.”

ಇಷ್ಟು ದಿನ ಯಾರೂ ಅವಳನ್ನು ಕೇಳಿರಲಿಲ್ಲ. ಅವನು ಕೇಳಿದ.

ಅಣ್ಣನ ಎದುರಿಗೇ, ಅಳುತ್ತಲೇ, “ಹೂಂ” ಅಂದಳು.