ಹೆಡ್‌ಮಾಸ್ಟರ ಅರ್ಧ ತಲೆ

ಹೆಡ್‌ಮಾಸ್ಟರ ತಲೆಯ ನಟ್ಟನಡುವೆ ಕಟಿಂಗ್ ಮೆಷಿನ್ ಗಕ್ಕನೆ ನಿಂತಿತು.

"ಅಯ್ಯಯ್ಯೋ, ಮೆಲ್ಲಗೆ ಕಣಯ್ಯ! ಕೂದಲು ನನ್ನದು!" ಎಂದು ಅವರು ಕೂಗಿಕೊಂಡರು.

"ಮತ್ತೆ ಮೋಡ ಸಾರ್," ಎನ್ನುತ್ತ ಗಿರಗಿಟ್ಲೆಯ ಅಪ್ಪ ಮೆಷಿನ್ ಬಿಡಿಸಿದ. "ಉಳಿದಿದ್ದು ಕತ್ತರಿಯಲ್ಲಿ ಮುಗಿಸಲಾ?"

"ಎಡಗಡೆ ಮೆಷಿನ್, ಬಲಗಡೆ ಕತ್ತರಿ! ನಾನೇನು ಇಬ್ಬರಾ? ಇನ್ನರ್ಧ ಗಂಟೆಯಲ್ಲಿ ಸ್ಕೂಲಲ್ಲಿ ಗ್ರೂಪ್ ಫೋಟೋ ಇದೆಯಯ್ಯ!"

ಅಪ್ಪನ ಅಂಗಡಿ ನಡೆಯುವುದು ಸೋಲಾರ್‌ನಿಂದ. ಮೋಡ ಬಂದರೂ ಮೆಷಿನ್ ಎಂದೂ ನಿಲ್ಲುತ್ತಿರಲಿಲ್ಲ. ಇವತ್ತು ಮಾತ್ರ ಇದು ನಾಲ್ಕನೇ ಸಲ.

ಮೂಲೆಯ ಬೆಂಚಿನಲ್ಲಿ ಗಿರಗಿಟ್ಲೆ ಸ್ಕೂಲ್ ಬ್ಯಾಗನ್ನು ಅವುಚಿಕೊಂಡು ಕೂತಿದ್ದಳು. ಎರಡು ನಿಮಿಷ ಕೂತಲ್ಲಿ ಕೂರದ ಹುಡುಗಿಗೆ ಅಪ್ಪ ಇಟ್ಟ ಹೆಸರದು. ಇವತ್ತು ಅಲುಗಾಡುತ್ತಲೇ ಇರಲಿಲ್ಲ.

ಬ್ಯಾಗಿನಲ್ಲಿ ಕಪ್ಪು ಕೆಪಾಸಿಟರ್ ಡಬ್ಬಿ ಇತ್ತು. ಅಂಗಡಿಯ ಬ್ಯಾಟರಿ ಪಕ್ಕದಿಂದ ಬೆಳಿಗ್ಗೆಯೇ ಕಿತ್ತು ತಂದಿದ್ದಳು. ಅಷ್ಟು ದೊಡ್ಡ ಬ್ಯಾಟರಿ ಇರುವಾಗ ಅಂಗಡಿಗೆ ಈ ಪುಟಾಣಿ ಯಾಕೆ ಎಂದುಕೊಂಡಿದ್ದಳು. ನಾಳೆ ಸೈನ್ಸ್ ಎಕ್ಸಿಬಿಷನ್‌ನಲ್ಲಿ ಅವಳ ಸೋಲಾರ್ ರೈಲು ಮೋಡ ಬಂದರೂ ನಿಲ್ಲದೆ ಓಡಬೇಕಿತ್ತು. ಹೋದ ವರ್ಷ ಅವಳ ಗಾಳಿಯಂತ್ರ ಗಾಳಿಗೇ ಬಿದ್ದುಹೋಗಿ, ಇಡೀ ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು.

ಅಪ್ಪ ಫೋನ್ ಮಾಡಿದ ಐದೇ ನಿಮಿಷಕ್ಕೆ ಎಲೆಕ್ಟ್ರಿಷಿಯನ್ ಅತ್ತೆ ಬಂದಳು.

"ನೀನು ಹಾಕಿದ ಸೋಲಾರ್‌ನಿಂದ ನನ್ನ ಮಾನ ಹೋಯ್ತು!" ಅಪ್ಪ ತಂಗಿಯ ಮೇಲೆ ಹರಿಹಾಯ್ದ. "ಎಲ್ಲ ಕಿತ್ಕೊಂಡು ಹೋಗು!"

"ಅತ್ತೇದು ತಪ್ಪಲ್ಲ," ಎಂದಳು ಗಿರಗಿಟ್ಲೆ. ಬ್ಯಾಗಿನಿಂದ ಡಬ್ಬಿ ತೆಗೆದು ಕೊಟ್ಟಳು. ಕಿವಿ ಕೆಂಪಗಾಗಿತ್ತು.

ಅಪ್ಪ ಬಾಯಿ ತೆರೆಯುವ ಮೊದಲೇ ಅತ್ತೆ ನಕ್ಕಳು. "ಬ್ಯಾಟರಿ ನಿಮ್ಮಪ್ಪನ ಥರ ಕಣೇ. ಮೋಡ ಬಂತು ಅಂತ ಎಬ್ಬಿಸಿದರೆ ಹೊರಳಾಡಿ, ಆಕಳಿಸಿ, ಆಮೇಲೆ ಏಳ್ತಾನೆ. ಎದ್ದ ಮೇಲೆ ಸಂಜೆತನಕ ದುಡೀತಾನೆ. ಈ ಡಬ್ಬಿ ನಿನ್ನ ಥರ. ಕರೆದ ತಕ್ಷಣ ಜಿಗಿಯುತ್ತೆ, ಅಷ್ಟೇ ಬೇಗ ಸುಸ್ತಾಗುತ್ತೆ. ಅಷ್ಟರಲ್ಲಿ ಅವನು ಎದ್ದಿರ್ತಾನೆ."

"ಇದರಲ್ಲಿ ನಾನು ಯಾರ ಥರ?" ಹೆಡ್‌ಮಾಸ್ಟರು ಕುತೂಹಲದಿಂದ ಕೇಳಿದರು.

"ನೀವು ಲೋಡು ಸಾರ್, ಇಬ್ಬರೂ ಹೊರಬೇಕಾದ ಭಾರ."

ಅತ್ತೆ ಡಬ್ಬಿ ಜೋಡಿಸಿದಳು. ಮೆಷಿನ್ ಗುಂಯ್ ಎಂದಿತು.

"ಸಾರ್, ನಾಳೆ ನನ್ನ ರೈಲು ಮೋಡ ಬಂದಾಗೆಲ್ಲ ನಿಲ್ಲುತ್ತೆ," ಎಂದಳು ಗಿರಗಿಟ್ಲೆ ಸಣ್ಣ ದನಿಯಲ್ಲಿ.

"ನಿಲ್ಲಲಿ ಬಿಡಮ್ಮ. ನನ್ನ ತಲೆ ಹೀಗೆ ಅರ್ಧಕ್ಕೆ ನಿಲ್ಲೋದಕ್ಕಿಂತ ವಾಸಿ."

ಸ್ವಲ್ಪ ಹೊತ್ತಿಗೆ ಬೀದಿ ಮತ್ತೆ ಮಂಕಾಯಿತು. ಕನ್ನಡಿಯಲ್ಲಿ ಎಲ್ಲರ ಮುಖವೂ ಕಪ್ಪಿಟ್ಟಿತು. ಮೆಷಿನ್ ಗುಂಯ್‌ಗುಡುತ್ತಲೇ ಇತ್ತು. ಅಪ್ಪ ತಲೆ ಎತ್ತಲಿಲ್ಲ. ಹೆಡ್‌ಮಾಸ್ಟರು ತೂಕಡಿಸುತ್ತಿದ್ದರು. ಮೋಡ ಬಂದದ್ದು ಯಾರಿಗೂ ಗೊತ್ತೇ ಆಗಲಿಲ್ಲ.

ಗಿರಗಿಟ್ಲೆ ಮಾತ್ರ ಬೆಂಚಿನಿಂದ ಇಳಿದು, ಬ್ಯಾಟರಿ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಮೋಡ ದಾಟುವ ತನಕ ಆ ಕಪ್ಪು ಡಬ್ಬಿಯಿಂದ ಕಣ್ಣು ಕೀಳಲಿಲ್ಲ.